ತಲೆ ಮೇಲಿನ ಕಣಜ

ಹುಣಸೆಹಣ್ಣು ಕುಟ್ಟುವ ಕಾಲ ಬಂದರೆ ನಮ್ಮೂರಲ್ಲಿ ಕೂದಲು ನಿಂತುಬಿಡುತ್ತದೆ. ಒಂದು ಬೆಳಗ್ಗೆ ಗಂಡಸರು ಗಲ್ಲ ಸವರಿಕೊಂಡು ನೋಡುತ್ತಾರೆ, ನಿನ್ನೆ ಕೆರೆದದ್ದು ನಿನ್ನೆಯ ಹಾಗೇ ನುಣ್ಣಗಿರುತ್ತದೆ. 'ನಿಂತಿತು ಕಣ್ರೋ' ಅಂತ ಬೀದಿಯಿಂದ ಬೀದಿಗೆ ಕೂಗು ಹೋಗುತ್ತದೆ. ಅಲ್ಲಿಂದ ಮಾವಿನಹಣ್ಣು ಮುಗಿದು ಗೊರಟುಗಳು ತಿಪ್ಪೆಯಲ್ಲಿ ಮೊಳಕೆ ಒಡೆಯುವವರೆಗೆ ಗಂಡಸರ ಗಡ್ಡ, ಹೆಂಗಸರ ಜಡೆ, ಕೂಸಿನ ನೆತ್ತಿಯ ಜವಳ, ಯಾವುದೂ ಎಳ್ಳುಕಾಳಿನಷ್ಟೂ ಮುಂದಕ್ಕೆ ಹೋಗುವುದಿಲ್ಲ. ಇದಕ್ಕೆ ನಾವು ನಿಲುಗಾಲ ಅನ್ನುತ್ತೇವೆ.

ಜನ ಇದಕ್ಕೆ ಹೊಂದಿಕೊಂಡ ರೀತಿ ನೋಡಿದರೆ ಉಗಿಯಬೇಕೋ ನಗಬೇಕೋ ತಿಳಿಯುವುದಿಲ್ಲ. ನಿಲುಗಾಲದಲ್ಲಿ ಬಣ್ಣ ಹಚ್ಚಿದ ತಲೆಯ ಬುಡದಲ್ಲಿ ಬಿಳಿ ಇಣುಕುವುದಿಲ್ಲವಲ್ಲ, ಹಾಗಾಗಿ ಮೊಮ್ಮಕ್ಕಳನ್ನು ಕಂಡವರೆಲ್ಲ ಏಕಾಏಕಿ ಹರೆಯದವರಾಗುತ್ತಾರೆ. ಎರಡನೇ ಸಂಬಂಧ ಹುಡುಕುವವರು ಹೆಣ್ಣು ನೋಡಲು ಹೊರಡುವುದು ಆಗಲೇ. ಒಂದು ವರ್ಷ ಹಾಲಿನ ಡೈರಿಯ ಕಾರ್ಯದರ್ಶಿ ತಾನೇ ಮೀಸೆ ಸರಿಮಾಡಿಕೊಳ್ಳಲು ಹೋಗಿ ಒಂದು ಪಕ್ಕ ಹಾರಿಸಿಕೊಂಡ. ಇನ್ನೊಂದು ಪಕ್ಕ ತೆಗೆಯಲು ಮನಸ್ಸು ಬರದೆ ಆ ಕಾಲವಿಡೀ ಅರ್ಧ ಮೀಸೆಯಲ್ಲೇ ಸಂಘದ ಸಭೆ ನಡೆಸಿದ. ಒಬ್ಬರೂ ನಗಲಿಲ್ಲ. ಹಾಲಿನ ಅಳತೆ ಅವನ ಕೈಯಲ್ಲಿತ್ತು.

ಊರಿಗೆಲ್ಲ ಕ್ಷೌರದ ಮನೆ ನಮ್ಮದೊಂದೇ. ನಿಲುಗಾಲಕ್ಕೆ ಮುಂಚಿನ ವಾರ ನಮ್ಮಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಂದವರದೆಲ್ಲ ಒಂದೇ ಮಾತು: ಬುಡಕ್ಕೆ ತೆಗಿ. ಒಂದು ಸಲ ನುಣ್ಣಗೆ ಮಾಡಿಸಿಕೊಂಡರೆ ಮಾವು ಮುಗಿಯುವವರೆಗೆ ಕ್ಷೌರದ ಖರ್ಚಿಲ್ಲ ಅನ್ನುವುದು ಊರ ಬುದ್ಧಿವಂತಿಕೆ. ಪರಮೇಶ್ವರ ಮೇಷ್ಟ್ರಂತೂ ಕನ್ನಡಿಯಲ್ಲಿ ನಮ್ಮಪ್ಪನನ್ನೇ ನೋಡುತ್ತ, "ಹೊನ್ನಯ್ಯ, ಇನ್ನು ನಿನ್ನ ಮುಖ ನೋಡೋ ಹಾಗಿರಬಾರದು ನೋಡು, ಹಾಗೆ ಹೊಡಿ" ಅನ್ನುವರು. ನಮ್ಮಪ್ಪ ಅದಕ್ಕೂ "ಆಗ್ಲಿ ಬುದ್ದಿ" ಅನ್ನುವನು. ಅವರ ಉಳಿತಾಯಕ್ಕೆ ಅವನೇ ಕತ್ತಿ ಮಸೆಯುವನು. ಅವರ ತಲೆ ನುಣ್ಣಗಾದಷ್ಟೂ ನಮ್ಮ ಅಡುಗೆಮನೆ ನುಣ್ಣಗಾಗುತ್ತಿತ್ತು.

ಅಂಗಡಿ ಬಾಗಿಲು ಹಾಕಿದ ಮೇಲೆ ನಮ್ಮಪ್ಪ ಹಡಪದ ಪೆಟ್ಟಿಗೆಯಿಂದ ಕತ್ತರಿ ಕತ್ತಿ ತೆಗೆದು ಎತ್ತಿಟ್ಟು, ಎಣ್ಣೆ ಬಟ್ಟಲೊಂದನ್ನು ಹಿಡಿದು ಗಾಣದ ತಿಮ್ಮಶೆಟ್ಟರ ಮನೆಗೆ ಹೋಗುತ್ತಿದ್ದ. ಊರ ಎಣ್ಣೆಗಾಣ ಅವರದು. ನಿಲುಗಾಲ ಪೂರ್ತಿ ಅವರ ಕಾಲೊತ್ತುವುದು ಅವನ ಕೆಲಸ. ಶೆಟ್ಟರು ತೂಗುಮಂಚದ ಮೇಲೆ, ನಮ್ಮಪ್ಪ ನೆಲದ ಮೇಲೆ, ಶೆಟ್ಟರ ಕಾಲು ನಮ್ಮಪ್ಪನ ತೊಡೆ ಮೇಲೆ. ಅದಕ್ಕೆ ಅವನಿಗೆ ಎರಡು ಹೊತ್ತಿನ ಊಟ, ನಮಗೆ ನುಚ್ಚಕ್ಕಿ. ಬೇರೆ ಊರಿಗೆ ಹೋಗಿ ದುಡಿಯಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬೇರೆ ಊರಲ್ಲಿ ನಮ್ಮವರೇ ಕತ್ತರಿ ಹಿಡಿದು ಕೂತಿರುತ್ತಾರೆ, ಅವರ ಗಿರಾಕಿಯ ತಲೆ ಮುಟ್ಟಿದರೆ ನಮ್ಮ ಕೈ ಮುರಿಯುತ್ತಾರೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ಇಂಥದೇ ಒಂದು ನಿಲುಗಾಲದಲ್ಲಿ. ಬಿಡುವುದಕ್ಕೆ ದುಃಖವೇನೂ ಆಗಲಿಲ್ಲ. ಅಲ್ಲಿ ನನ್ನನ್ನು ಮುದ್ದುರಂಗ ಅಂತ ಕರೆದವರಿಗಿಂತ 'ಏ ಕತ್ತರಿ' ಅಂದವರೇ ಹೆಚ್ಚು.

ಆಮೇಲೆ ನಮ್ಮಪ್ಪನಿಗೆ ಕೈ ನಡುಗಲು ಶುರುವಾಯಿತು. ಅಂಗಡಿ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಎಣ್ಣೆ ಬಟ್ಟಲೂ ಬಂತು. ಮೊದಲ ನಿಲುಗಾಲ ನಾನೇ ಹೋದೆ. ಶೆಟ್ಟರು ಕಾಲು ಚಾಚಿದರು. ಒತ್ತಿದೆ. ಅವರು "ನಿಮ್ಮಪ್ಪನ ಕೈಯಲ್ಲಿ ಹದ ಇತ್ತು. ನಿನ್ನ ಕೈಯಲ್ಲಿ ಸಿಟ್ಟಿದೆ. ಮೆತ್ತಗೆ ಒತ್ತು" ಅಂದರು. ಅವರ ಮಗ ಪದ್ಮನಾಭ, ನನ್ನ ಓರಗೆಯವನೇ, ಅಲ್ಲೇ ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. "ಕಲೀತಾನೆ ಬಿಡಿ ಅಪ್ಪಾಜಿ. ಹೊಟ್ಟೆ ಕಲಿಸುತ್ತೆ" ಅಂದ. ನಾನು ಮೆತ್ತಗೆ ಒತ್ತಿದೆ. ಕಾಲ ಮುಗಿಯುವವರೆಗೆ ಒತ್ತಿದೆ. ಆದರೆ ಇನ್ನೊಂದು ನಿಲುಗಾಲಕ್ಕೆ ಈ ಮನೆಯ ಯಾವ ಕಾಲೂ ನನ್ನ ತೊಡೆ ಮೇಲೆ ಬರಬಾರದು ಅಂತ ಅವತ್ತೇ ಹಲ್ಲು ಕಚ್ಚಿದೆ.

ದಾರಿ ತೋರಿಸಿದ್ದು ಜಯದೇವನ ತಲೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಹಾಡು ಜೋರಾಗಿ ಹಾಕಿಕೊಂಡು ಬೀದಿಯಲ್ಲಿ ಧೂಳೆಬ್ಬಿಸುವವನು, ಊರ ಪಡ್ಡೆಗಳೆಲ್ಲ ಅವನ ಅಂಗಿಯ ಕಾಲರನ್ನೂ ನಕಲು ಮಾಡುತ್ತಿದ್ದರು. ಅದೇ ವರ್ಷ ನಿಲುಗಾಲಕ್ಕೆ ಮುಂಚೆ ಅವನಿಗೆ ಮೈಮೇಲೆ ಅಮ್ಮ ಎದ್ದಿತ್ತು. ಅಮ್ಮ ಇಳಿಯುವವರೆಗೆ ತಲೆಗೆ ಕತ್ತರಿ ತಾಗಿಸುವ ಹಾಗಿಲ್ಲ. ಎದ್ದು ಓಡಾಡುವಷ್ಟರಲ್ಲಿ ಕೂದಲು ನಿಂತಿತ್ತು, ಕಿವಿ ಮುಚ್ಚಿ ಕಾಲರ್ ಮುಟ್ಟುವಷ್ಟು ಉದ್ದಕ್ಕೆ. ಒಂದು ಸಂಜೆ ನಾನು ಶೆಟ್ಟರ ಮನೆಯಿಂದ ಬರುವಾಗ ದಾರಿಯಲ್ಲಿ ಹಿಡಿದು, "ಸೆಕೆ ತಡೆಯಕ್ಕಾಗಲ್ಲ ಮಾರಾಯ, ಏನಾರ ಮಾಡು" ಅಂದ. ಅಂಗಡಿ ತೆಗೆದು ಕೂರಿಸಿದೆ. ನನ್ನ ಕೈಯೆಲ್ಲ ಶೆಟ್ಟರ ಕಾಲಿನ ಎಣ್ಣೆ, ಕತ್ತರಿ ಜಾರುತ್ತಿತ್ತು. ಅರ್ಧಕ್ಕೇ ಸಾಕು ಮಾಡಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದ. ಇನ್ನಷ್ಟು ತೆಗೆದೆ. ಅದರ ಮುಂದಿನ ವಾರ ಮತ್ತೆ ಬಂದ. ಆಗ ಕನ್ನಡಿಯಲ್ಲಿ ಅವನ ತಲೆ ನೋಡುತ್ತ ನನಗೆ ಹೊಳೆಯಿತು. ನಿಲುಗಾಲದಲ್ಲಿ ಬೆಳೆಯುವುದಿಲ್ಲ ನಿಜ. ಆದರೆ ಇದ್ದದ್ದನ್ನು ಕತ್ತರಿಸಬೇಡ ಅಂತ ಯಾರು ಹೇಳಿದ್ದಾರೆ? ರಾಗಿಯವನು ಸುಗ್ಗಿಯಲ್ಲಿ ಕಣಜ ತುಂಬಿಸಿಕೊಂಡು ವರ್ಷ ಪೂರ್ತಿ ತಿನ್ನುತ್ತಾನೆ. ನಮ್ಮ ಕಣಜ ಊರವರ ತಲೆ ಮೇಲೆಯೇ ಇದೆ, ಮತ್ತು ತಲೆತಲಾಂತರದಿಂದ ನಾವೇ ಅದನ್ನು ಸುಗ್ಗಿಯ ದಿನವೇ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೇವೆ!

ಮುಂದಿನ ನಿಲುಗಾಲಕ್ಕೆ ನಾನು ಅವರೆಕಾಯಿ ಕಾಲದಿಂದಲೇ ತಯಾರಾದೆ. ಮೊದಲು ಜಯದೇವನನ್ನು ಹಿಡಿದೆ. "ವರ್ಷಪೂರ್ತಿ ನಿನಗೆ ಪುಕ್ಕಟೆ. ಒಂದೇ ಕರಾರು, ನಿಲುಗಾಲಕ್ಕೆ ಕಾಲರ್ ದಾಟೋ ಕೂದಲು ಇಟ್ಟುಕೊಂಡು ಹೋಗಬೇಕು. ಕಿವಿ ಮುಂದೆ ಕೃದ ಬಿಡ್ತೀನಿ" ಅಂದೆ. ಅವನಿಗೆ ಪುಕ್ಕಟೆ ಅನ್ನುವ ಮಾತು ಸಾಕಾಗಿತ್ತು. ಒಂದು ತಿಂಗಳಲ್ಲಿ ಊರ ಪಡ್ಡೆಗಳೆಲ್ಲ ಕೃದ ಬಿಟ್ಟವು. ಕುರಿ ಹಿಂದೆ ಕುರಿ ಹೋಗುವುದಕ್ಕಾದರೂ ಹುಲ್ಲಿನ ಆಸೆ ಇರುತ್ತದೆ, ಇವಕ್ಕೆ ಅದೂ ಇರಲಿಲ್ಲ.

ವಯಸ್ಸಾದವರಿಗೆ ಬೇರೆ ಮದ್ದು ಬೇಕಿತ್ತು. ಪರಮೇಶ್ವರ ಮೇಷ್ಟ್ರು ಬಂದು ಎಂದಿನಂತೆ ಬುಡಕ್ಕೆ ಹೊಡಿ ಅಂದಾಗ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿದೆ. "ತೆಗೀಬಹುದು ಮೇಷ್ಟ್ರೇ. ಆದರೆ ಉದ್ದ ಇದ್ದರೆ ಯಾವಾಗ ಬೇಕಾದರೂ ಕತ್ತರಿಸಬಹುದು. ಗಿಡ್ಡ ಮಾಡಿ ಆಮೇಲೆ ಬೇಕು ಅಂದರೆ ಎಳೆದು ಉದ್ದ ಮಾಡಕ್ಕಾಗುತ್ತಾ? ಈ ಸಲ ನಿಮ್ಮ ಮಗಳಿಗೆ ಗಂಡಿನ ಕಡೆಯವರು ಬರ್ತಾರಂತೆ. ಹೆಣ್ಣಿನ ಅಪ್ಪ ಸುಲಿದ ತೆಂಗಿನಕಾಯಿ ಹಾಗೆ ಬಾಗಿಲಲ್ಲಿ ನಿಂತ್ಕೊಂಡ್ರೆ ಚೆನ್ನಾಗಿರುತ್ತಾ?" ಮೇಷ್ಟ್ರು ಕನ್ನಡಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಿದರು. "ನೀನು ಹೇಳೋದರಲ್ಲೂ ಒಂದು ಅರ್ಥ ಇದೆ" ಅಂದರು. ಈ ಒಂದು ಮಾತನ್ನೇ ಊರ ಪ್ರತಿ ತಲೆಗೂ ಹೇಳಿದೆ. ಒಬ್ಬೊಬ್ಬನಿಗೂ ಅದು ತನಗೇ ಹೊಳೆದದ್ದು ಅನ್ನಿಸುವ ಹಾಗೆ ಹೇಳಿದೆ.

ನಮ್ಮಪ್ಪ ಮೂಲೆಯ ಬೆಂಚಿನ ಮೇಲೆ ಕೂತು ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ, "ಗಿರಾಕಿ ಕೇಳಿದ್ದು ಮಾಡಿ ಕಳಿಸ್ಬೇಕು ಕಣ್ಲಾ. ಹೆದರಿಸಿ ಮಾಡೋದು ವ್ಯಾಪಾರ ಅಲ್ಲ" ಅಂದ.

"ಕಾಲೊತ್ತೋದು ವ್ಯಾಪಾರವಾ?" ಅಂದೆ.

ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ. ಅವನ ಬೆರಳು ನಡುಗಿ ಸಾರು ಮೊಣಕೈಗೆ ಇಳಿಯಿತು.

ಆ ವರ್ಷ ನಿಲುಗಾಲ ಬಂದಾಗ ಊರು ಕೆದರಿದ ಕರಡಿಯ ಹಾಗಿತ್ತು. ಹಿಂದೆಂದೂ ಇಲ್ಲದ ಬಿಸಿಲು ಬೇರೆ. ಕುತ್ತಿಗೆ ಮೇಲೆಲ್ಲ ಬೆವರುಸಾಲೆ ಎದ್ದು ಪಂಚಾಯಿತಿ ಕಟ್ಟೆ ಮೇಲೆ ಕೂತವರೆಲ್ಲ ಒಂದೇ ಸಮ ತುರಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬರೇ ಬರಲು ಶುರುವಾಯಿತು. ನಾನು ತೆಗೆಯುತ್ತಿದ್ದದ್ದು ಒಂದು ಬೆರಳಿನ ಅಗಲ. ಇನ್ನೂ ತೆಗಿ ಅಂದರೆ, "ಯೋಚನೆ ಮಾಡಿ, ಹೋದದ್ದು ಬರಲ್ಲ" ಅನ್ನುತ್ತಿದ್ದೆ. ತಕ್ಷಣ ಹೆದರಿ, "ಬೇಡ ಬೇಡ, ಇಷ್ಟೇ ಸಾಕು" ಅನ್ನುವರು. ಮುಂದಿನ ವಾರ ತುರಿಸಿಕೊಂಡು ಮತ್ತೆ ಹಾಜರು. ನಮ್ಮ ಮನೆಯಲ್ಲಿ ನಿಲುಗಾಲದಲ್ಲಿ ಒಲೆಯ ಮೇಲೆ ಎರಡು ಪಾತ್ರೆ ಇದ್ದದ್ದು ಅದೇ ಮೊದಲು. ಊರವರ ತಲೆಯನ್ನು ಕಂಡರೆ ನನಗೆ ಹೊಲದವನಿಗೆ ತೆನೆ ಕಂಡ ಹಾಗಾಗುತ್ತಿತ್ತು. ಬೀದಿಯಲ್ಲಿ ಎದುರಾದವನ ಮುಖ ನೋಡುತ್ತಲೇ ಇರಲಿಲ್ಲ. ಇವನಲ್ಲಿ ಇನ್ನು ಮೂರು ಸಲಕ್ಕಾಗುವಷ್ಟು ಇದೆ, ಇವನು ಮಾವಿನ ಕೊನೆವರೆಗೂ ಬರುತ್ತಾನೆ ಅಂತ ಅಂದಾಜು ಮಾಡುತ್ತ ನಡೆಯುತ್ತಿದ್ದೆ.

ಶೆಟ್ಟರ ಗುಮಾಸ್ತ ನಾಗಭೂಷಣ ಒಂದು ಬೆಳಗ್ಗೆ ಅಂಗಡಿಯ ಹೊಸ್ತಿಲ ಹೊರಗೇ ನಿಂತು, "ಏನೋ ಮುದ್ದು, ದೊಡ್ಡ ಯಜಮಾನರ ಕಾಲು ನೋಯ್ತಾ ಇದೆಯಂತೆ. ಬರಲೇ ಇಲ್ಲವಲ್ಲ?" ಅಂದ.

"ಗಿರಾಕಿಗಳಿದ್ದಾರೆ" ಅಂದೆ.

"ನಿಲುಗಾಲದಲ್ಲಿ ಗಿರಾಕಿಯಾ!"

"ನೀವೂ ಬನ್ನಿ. ಕಿವಿ ಮೇಲೆ ಇಳಿದಿದೆ, ಒಂದು ಬೆರಳು ತೆಗೀತೀನಿ."

ಕುರ್ಚಿಯಲ್ಲಿದ್ದವನು ಕಿಸಕ್ಕನೆ ನಕ್ಕ. ನಾಗಭೂಷಣ ಕಿವಿ ಮುಟ್ಟಿಕೊಂಡು ಹೊರಟುಹೋದ. ಬೆಂಚಿನ ಮೇಲಿದ್ದ ನಮ್ಮಪ್ಪ ಮಾತ್ರ ಎದ್ದು ಹೊಸ್ತಿಲವರೆಗೆ ಹೋಗಿ, "ಎಡಗಾಲಾ, ಬಲಗಾಲಾ?" ಅಂತ ಅವನ ಬೆನ್ನಿಗೆ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಅದಾದ ಮೇಲೆ ಹೆಚ್ಚು ದಿನ ಆಗಲಿಲ್ಲ, ತಿಮ್ಮಶೆಟ್ಟರು ತೂಗುಮಂಚದ ಮೇಲೇ ಸತ್ತರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ನನ್ನ ಒಳಗೆ ಏನಾಯಿತು ಅಂತ ಮುಚ್ಚಿಡುವುದಿಲ್ಲ. ಕಾಲಿನ ಪೀಡೆ ಕಳೆಯಿತು ಅಂದುಕೊಂಡೆ. ಪೀಡೆ ಹೇಗೆ ಬಾಗಿಲು ಬದಲಾಯಿಸುತ್ತದೆ ಅಂತ ನನಗಿನ್ನೂ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ನಾಗಭೂಷಣ ಮತ್ತೆ ಬಂದ, ಮುಖ ಇಳಿಬಿಟ್ಟುಕೊಂಡು. "ಹತ್ತರ ದಿನ ಕೆರೆ ಏರಿ ಕೆಳಗೆ ಬಾ. ಗಾಣದ ಎಣ್ಣೆ ತಿಂದೋರೆಲ್ಲ ತಲೆ ಕೊಡ್ತಾರೆ."

"ಎಲ್ಲರೂ ಅಂದರೆ?"

"ಎಲ್ಲರೂ. ಹಿಂದೆ ದೊಡ್ಡ ಯಜಮಾನರ ಅಪ್ಪ ಹೋದಾಗಲೂ ಇಡೀ ಊರು ಕೊಟ್ಟಿರಲಿಲ್ಲವಾ?"

ಕೊಟ್ಟಿತ್ತು. ಆದರೆ ಅದು ದೀಪಾವಳಿ ಕಾಲ, ತಿಂಗಳಲ್ಲಿ ಎಲ್ಲರ ತಲೆಯೂ ಕಪ್ಪಾಗಿತ್ತು. ಈಗ ಒಂದು ಬೆಳಗ್ಗೆ ಊರ ತಲೆಗಳನ್ನೆಲ್ಲ ಬೋಳಿಸಿಬಿಟ್ಟರೆ ಮಾವು ಮುಗಿಯುವವರೆಗೆ ನನ್ನ ಕತ್ತರಿಗೆ ತುಕ್ಕು. ಸಾವಿನ ಕ್ಷೌರಕ್ಕೆ ತಲೆಯ ಲೆಕ್ಕದಲ್ಲಿ ಕೊಡುವ ಪದ್ಧತಿಯೂ ಇಲ್ಲ. ಎಷ್ಟು ತಲೆಯಾದರೂ ಒಂದು ಮೊರ ಅಕ್ಕಿ, ಒಂದು ಪಂಚೆ. ನನ್ನ ಇಡೀ ಕಣಜಕ್ಕೆ ಒಂದು ಮೊರ ಅಕ್ಕಿ! ಸತ್ತ ಮೇಲೂ ಆ ಮನುಷ್ಯ ನಮ್ಮ ಅನ್ನಕ್ಕೆ ಕಾಲು ಚಾಚಿದ್ದ.

ನಾನು ಪದ್ಮನಾಭನ ಮನೆಗೆ ಹೋದೆ. ಅವನು ಅಪ್ಪನ ತೂಗುಮಂಚದ ಮೇಲೆ ಆಗಲೇ ಕೂತಿದ್ದ. "ಸ್ವಾಮಿ, ನಿಲುಗಾಲ. ಮನೆಯವರು ಮಾತ್ರ ತಲೆ ಕೊಟ್ಟರೆ ಸಾಕಲ್ಲವಾ? ಊರವರು ಮುಂದೆ ವರ್ಷದ ತಿಥಿಗೆ ಕೊಡಲಿ" ಅಂದೆ. ನಿಂತುಕೊಂಡೇ ಕೇಳಿದೆ. ಕೈ ಮುಗಿಯಬಾರದು ಅಂತ ಹಿಂದಕ್ಕೆ ಕಟ್ಟಿಕೊಂಡಿದ್ದೆ.

ಅಪ್ಪ ಸತ್ತ ಮನೆ ಅಂತ ಅವನು ಜೋರಾಗಿ ನಗಲಿಲ್ಲ, ಆದರೂ ನಕ್ಕ. "ನೀನು ಊರವರ ತಲೆ ಮೇಲೆ ಏನು ಬೆಳೆ ಇಟ್ಟಿದ್ದೀಯ ಅಂತ ನನಗೆ ಗೊತ್ತಿಲ್ಲ ಅಂದುಕೊಂಡೆಯಾ ಮುದ್ದು? ಕಟಾವಾಗಲಿ ಬಿಡು. ಹದಿಮೂರು ಕಳೆದ ಮೇಲೆ ಬಟ್ಟಲು ಹಿಡಿದುಕೊಂಡು ಬಾ. ಈಚೆಗೆ ನನಗೂ ಮೊಣಕಾಲು ಹಿಡಿದುಕೊಳ್ತಾ ಇದೆ." ತೂಗುಮಂಚವನ್ನು ಕಾಲಿಂದ ಸ್ವಲ್ಪ ತಳ್ಳಿಕೊಂಡ. ಸರಪಳಿ ಕಿರುಗುಟ್ಟಿತು. "ನಿಮ್ಮಪ್ಪನ ಹಾಗೆ ಮೆತ್ತಗೆ ಒತ್ತೋದು ಕಲಿತುಕೊಂಡು ಬಾ."

ಹತ್ತರ ದಿನ ಬೆಳಗ್ಗೆ ಕೆರೆ ಏರಿಯ ಕೆಳಗೆ ಊರ ಗಂಡಸರೆಲ್ಲ ಒದ್ದೆ ಪಂಚೆಯಲ್ಲಿ ಸಾಲಾಗಿ ಕೂತಿದ್ದರು. ಬದುಕಿದ್ದಾಗ ಗಾಣದವನ ಮೋಸದ ತೂಕಕ್ಕೆ ಶಾಪ ಹಾಕಿದ ಬಾಯಿಗಳೆಲ್ಲ ಅಲ್ಲಿ ಎಂಥಾ ಪುಣ್ಯಾತ್ಮ ಅನ್ನುತ್ತಿದ್ದವು. ಜಯದೇವ ಕೂಡ ಕೃದ ನೇವರಿಸಿಕೊಳ್ಳುತ್ತ ಕೂತಿದ್ದ. ಪದ್ಮನಾಭ ಪುರೋಹಿತರ ಪಕ್ಕದಲ್ಲಿ. ನಮ್ಮಪ್ಪ ದೂರದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದ. ನಾನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಿದೆ. ಉಜ್ಜುತ್ತ ಉಜ್ಜುತ್ತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಕತ್ತಿ ಹಾಕೋಕೆ ಮುಂಚೆ ನಮ್ಮ ಕಸುಬಿನ ಒಂದು ಮಾತಿದೆ, ಹೇಳದಿದ್ದರೆ ನನಗೆ ದೋಷ. ನಿಲುಗಾಲದಲ್ಲಿ ಊರಿಗೆ ಊರೇ ಸಾವಿಗೆ ಬೋಳಿಸಿದ್ದನ್ನು ಇಲ್ಲಿ ಯಾರೂ ನೋಡಿಲ್ಲ. ನಮ್ಮ ತಾತ ನೋಡಿದ್ದ. ನಿಜವಾದ ದುಃಖದಿಂದ ಕೊಟ್ಟ ತಲೆಯಲ್ಲಿ ಕಾಲ ಬಂದಾಗ ಕೂದಲು ತಿರುಗಿ ಬರುತ್ತೆ. ಬರೀ ಮುಲಾಜಿಗೆ ಕೊಟ್ಟ ತಲೆಯಲ್ಲಿ ಬರಲ್ಲ. ಸಾಯೋವರೆಗೂ ಬರಲ್ಲ. ಇನ್ನು ಬನ್ನಿ, ಯಾರು ಮೊದಲು?"

ನಮ್ಮ ತಾತ ಅಂಥದ್ದೇನೂ ನೋಡಿರಲಿಲ್ಲ. ಅವನಿಗೆ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ.

ಇಡೀ ಊರು ತನ್ನ ಎದೆಯೊಳಗೆ ಕೈಹಾಕಿ ದುಃಖ ಹುಡುಕುವುದನ್ನು ನಾನು ಕಣ್ಣಾರೆ ಕಂಡೆ. ಅಂಥ ಕುಶಾಲನ್ನು ಯಾವ ಬಯಲಾಟದಲ್ಲೂ ಕಂಡಿಲ್ಲ. ಪರಮೇಶ್ವರ ಮೇಷ್ಟ್ರು ಮೊದಲು ಎದ್ದರು. "ನನಗೆ ದುಃಖ ಇದೆ. ಬಹಳ ಇದೆ. ಆದರೆ ಗಂಡಿನ ಕಡೆಯವರು ಬರೋದಿದೆ" ಅಂತ ಪಂಚೆ ಹಿಂಡಿಕೊಂಡರು. ಹಾಲಿನ ಡೈರಿಯವನಿಗೆ ಹಾಲಿನ ಲಾರಿ ಬರುವ ಹೊತ್ತಾಗಿತ್ತು. ಜಯದೇವ ಟ್ರ್ಯಾಕ್ಟರ್ ಇಂಜಿನ್ ಆಫ್ ಮಾಡದೇ ಬಂದಿದ್ದನಂತೆ. ಒಬ್ಬ, ತನ್ನ ಅಪ್ಪ ಬದುಕಿರುವಾಗ ಬೇರೆಯವರ ಅಪ್ಪನಿಗೆ ತಲೆ ಕೊಡುವುದು ಶಾಸ್ತ್ರವೇ ಅಂತ ಪುರೋಹಿತರನ್ನು ಕೇಳಿದ, ಉತ್ತರಕ್ಕೆ ಕಾಯದೆ ಏರಿ ಹತ್ತಿದ. ಗಾಣದ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ಎದ್ದರು, ಒಬ್ಬೊಬ್ಬರೇ ಎದ್ದರೆ ಕಾಣುತ್ತದೆ ಅಂತ.

ಕೊನೆಗೆ ಪದ್ಮನಾಭ ಉಳಿದ. ಪುರೋಹಿತರು, "ಕರ್ತೃ ನೀನು, ಕೂತುಕೋ" ಅಂದರು. ಅವನು ಕೂರಲಿಲ್ಲ. ನನ್ನ ಹತ್ತಿರ ಬಂದು, ಸ್ವರ ಇಳಿಸಿ, "ಮೇಲೆ ಮೇಲೆ ತೆಗಿ. ಬುಡ ಬಿಡು" ಅಂದ. ಆ ಗಳಿಗೆಯಲ್ಲಿ ನನಗಾದ ಸುಖವನ್ನು ಯಾವ ಹೋಳಿಗೆ ಊಟವೂ ಕೊಟ್ಟಿಲ್ಲ. "ಯಾಕೆ ಸ್ವಾಮಿ? ಸ್ವಂತ ಅಪ್ಪ ಅಲ್ಲವಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದೆ. ಅವನು ಹಿಂದೆ ಸರಿದು, "ಮೊದಲು ಬೇರೆ ಯಾರಾದರೂ ಕೂರಲಿ" ಅಂದ. ಏರಿಯ ಮೇಲೆ ನಿಂತು ಇಣುಕುತ್ತಿದ್ದವರೆಲ್ಲ ಆಕಾಶ ನೋಡಿದರು.

ಆಗ ನಮ್ಮಪ್ಪ ಹೊಂಗೆಮರದ ಕೆಳಗಿನಿಂದ ಬಂದ. ನಡಿಗೆಯಲ್ಲಿ ಆತುರವೇನೂ ಇರಲಿಲ್ಲ. ಅಂಗಿ ಬಿಚ್ಚಿ ಮಡಚಿಟ್ಟು, ಕೆರೆಯ ನೀರು ತಲೆಗೆ ಹಾಕಿಕೊಂಡು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿದ. ಕೆನ್ನೆ ಮೇಲಿದ್ದದ್ದು ಕೆರೆ ನೀರು ಅಂತ ಮೊದಲು ಅಂದುಕೊಂಡೆ.

"ಏಳು ಅಪ್ಪಯ್ಯ" ಅಂದೆ.

"ತೆಗಿ ಕಣ್ಲಾ."

"ಏಳು ಅಂದೆ. ಅವನಿಗಾಗಿ ನೀನ್ಯಾಕೆ ಅಳ್ತೀಯ? ಏನು ಕೊಟ್ಟಿದ್ದ ನಿನಗೆ? ನುಚ್ಚಕ್ಕಿಯಾ?" ನಾನು ಪಿಸುಮಾತಲ್ಲಿ ಬಯ್ಯುತ್ತಿದ್ದೆ, ಆದರೂ ಏರಿಯವರೆಗೆ ಕೇಳಿಸಿರಬೇಕು.

"ಆ ಕಾಲು ಅಷ್ಟು ವರ್ಷ ನನ್ನ ತೊಡೆ ಮೇಲಿತ್ತು ಕಣ್ಲಾ" ಅಂದ. "ನೀನು ಮಗುವಾಗಿದ್ದಾಗ ಮಲಗಿದ್ದಕ್ಕಿಂತ ಹೆಚ್ಚು ಹೊತ್ತು. ಅಳು ಬತ್ತಾ ಐತೆ. ಅದ್ಯಾಕೆ ಬತ್ತದೆ ಅಂತ ನನಗೇನು ಗೊತ್ತು? ತೆಗಿ."

ನಾನು ಕತ್ತಿ ಹಾಕಿದೆ. ನಮ್ಮಪ್ಪನ ತಲೆಯನ್ನು ಅದಕ್ಕೆ ಮುಂಚೆ ನಾನು ಹಾಗೆ ಹಿಡಿದಿರಲಿಲ್ಲ, ಅವನ ಕ್ಷೌರ ಅವನೇ ಮಾಡಿಕೊಳ್ಳುತ್ತಿದ್ದ. ನೆತ್ತಿ ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ. ನರೆಗೂದಲು ತೊಪ್ಪೆ ತೊಪ್ಪೆಯಾಗಿ ಒದ್ದೆ ಮಣ್ಣಿಗೆ ಬಿತ್ತು. ಅವನು ಒಂದು ಸಲವೂ ಅಲುಗಲಿಲ್ಲ. ನನ್ನ ಕೈಯಲ್ಲಿ ಸಿಟ್ಟಿತ್ತು, ಆದರೂ ಎಲ್ಲೂ ಗಾಯವಾಗಲಿಲ್ಲ. ಅವನು ಎದ್ದ ಮೇಲೆ ಪದ್ಮನಾಭನಿಗೆ ದಾರಿ ಉಳಿಯಲಿಲ್ಲ. ಕ್ಷೌರದವನೇ ಕೂತ ಮೇಲೆ ಮಗ ಕೂರದಿದ್ದರೆ ಏನಂದಾರು? ಕೂತ. ಬುಡಕ್ಕೆ ತೆಗೆದೆ. ಅವನ ಕಣ್ಣಲ್ಲೂ ನೀರಿತ್ತು, ಅದು ಅಪ್ಪನಿಗಾಗಿಯೋ ಕೂದಲಿಗಾಗಿಯೋ ಅಂತ ನಾನು ಹೇಳಬೇಕಾಗಿಲ್ಲ.

ಕಣಜ ಉಳಿಯಿತು. ಹದಿಮೂರು ಕಳೆಯಿತು. ಬಟ್ಟಲು ಹಿಡಿದುಕೊಂಡು ಬಾ ಅನ್ನುವ ಕರೆ ಬರಲಿಲ್ಲ. ಬಂದಿದ್ದರೂ ಹೋಗುವ ದರ್ದು ನನಗಿರಲಿಲ್ಲ, ಅಂಗಡಿ ತುಂಬ ಜನ. ಕೆರೆ ಏರಿಯಿಂದ ಓಡಿಹೋದವರೆಲ್ಲ ನಾಲ್ಕು ದಿನ ಮುಖ ತಪ್ಪಿಸಿ, ಐದನೆಯ ದಿನ ತುರಿಕೆ ತಾಳದೆ ಬಂದರು. ಕುರ್ಚಿಯಲ್ಲಿ ಕೂತವನಿಗೆ ಕನ್ನಡಿಯಲ್ಲಿ ತನ್ನ ತಲೆಯ ಹಿಂದೆ ಬೆಂಚಿನ ಮೇಲಿದ್ದ ನಮ್ಮಪ್ಪನ ಬೋಳು ತಲೆಯೂ ಕಾಣುತ್ತಿತ್ತು. ಯಾರಿಗಾದರೂ ನಾಚಿಕೆಯಾದೀತು ಅಂತ ನಾನು ಬೆಂಚನ್ನು ಬೇಕೆಂದೇ ಅಲ್ಲೇ ಬಿಟ್ಟಿದ್ದೆ. ಮೇಷ್ಟ್ರು ಕನ್ನಡಿಯಲ್ಲಿ ನೋಡಿ, "ಹೊನ್ನಯ್ಯ, ನಿನಗೆ ಬೋಳು ಚೆನ್ನಾಗಿ ಒಪ್ಪುತ್ತೆ" ಅಂದರು. ಅಷ್ಟೇ ಅವರ ನಾಚಿಕೆ.

ಗೊರಟುಗಳು ಮೊಳೆತವು. ಒಂದು ಬೆಳಗ್ಗೆ ಊರವರ ಗಲ್ಲ ಒರಟಾಯಿತು. ಎಲ್ಲರೂ ಮೊದಲು ಓಡಿದ್ದು ಪದ್ಮನಾಭನ ಮನೆಗೆ. ಅವನ ತಲೆಯ ಮೇಲೂ ಗಸಗಸೆ ಚೆಲ್ಲಿದ ಹಾಗೆ ಕಪ್ಪು ಮೂಡಿತ್ತು. ಮೂಡದೆ ಏನು ಮಾಡೀತು, ನಾನು ಹೇಳಿದ್ದು ಹಸಿ ಸುಳ್ಳು. ಆದರೆ ಊರು ನನ್ನ ಸುಳ್ಳನ್ನು ಎತ್ತಿಕೊಂಡು ಅವನಿಗೇ ಕಿರೀಟ ಮಾಡಿತು. ಮಗ ಅಂದರೆ ಇವನು, ಎಂಥ ದುಃಖ ಇಟ್ಟುಕೊಂಡಿದ್ದನೋ, ಒಂದು ಎಳೆಯೂ ತಪ್ಪದೆ ಬಂದಿದೆ ನೋಡಿ, ಅಂತ ಪಂಚಾಯಿತಿ ಕಟ್ಟೆಯಲ್ಲಿ ಒಂದೇ ಮಾತು. ಬುಡ ಬಿಡು ಅಂತ ಬೇಡಿದ ತಲೆ ಅದು! ಅದಕ್ಕೆ ದುಃಖದ ಸರ್ಟಿಫಿಕೇಟು ಬರೆದುಕೊಟ್ಟವನು ನಾನು. ಅದೇ ಬೆಳಗ್ಗೆ ನಮ್ಮಪ್ಪನ ತಲೆಯಲ್ಲೂ ಬಿಳಿ ಮೂಡಿತ್ತು. ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ.

ನಾನು ಅಂಗಡಿಗೆ ನುಗ್ಗಿ ಹಡಪವನ್ನು ಒದ್ದೆ. "ಆ ಮಾತು ಸುಳ್ಳು ಅಪ್ಪಯ್ಯ. ನಾನೇ ಕಟ್ಟಿದ್ದು. ಯಾರ ತಲೆ ಬೋಳಿಸಿದ್ದರೂ ಬೆಳೀತಿತ್ತು."

ಅವನು ಚೆಲ್ಲಿದ ಕತ್ತರಿ ಬಾಚಣಿಗೆ ಎತ್ತಿ ಹಡಪದಲ್ಲಿಟ್ಟ. "ಗೊತ್ತು ಕಣ್ಲಾ. ನಾನೂ ಇದೇ ಕಸುಬಿನವನಲ್ವಾ? ಹಂಗೊಂದು ಮಾತಿದ್ರೆ ನನಗೆ ಗೊತ್ತಿರ್ತಿರ್ಲಿಲ್ವಾ?"

"ಗೊತ್ತಿದ್ದೂ ಕೂತೆಯಾ?"

"ಕೂರೋರು ಯಾರೂ ಇರ್ಲಿಲ್ವಲ್ಲ" ಅಂದ. "ಅಷ್ಟು ಜನ ಎದ್ದು ಹೋದ್ರು. ನೀನು ಎಬ್ಬಿಸ್ದೆ, ಅವರು ಎದ್ರು. ಸತ್ತೋನ ಮುಂದೆ ಖಾಲಿ ನೆಲ ಬಿಡಬಾರ್ದು."

ಅವನಿಗೆ ಹೇಳಲು ನನ್ನ ಹತ್ತಿರ ನೂರು ಮಾತಿದ್ದವು. ಎಲ್ಲ ಬಯ್ಗುಳ. ಅವು ತಿಮ್ಮಶೆಟ್ಟರಿಗೆ, ಪದ್ಮನಾಭನಿಗೆ, ಆ ಊರಿಗೆ ಸಲ್ಲುವಂಥವು. ಆದರೆ ಆ ನಡುಗುವ ಬೆರಳುಗಳು ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕ ಯಾರದೋ ಕೂದಲನ್ನು ಬಿಡಿಸುತ್ತಿದ್ದವು. ಹೊಸ್ತಿಲಲ್ಲಿ ಹೊಸ ಗಡ್ಡದವರು ಸಾಲುಗಟ್ಟಿದ್ದರು. ಪದ್ಮನಾಭನ ತಲೆ ನೋಡಿ ಬಂದವರು, ಅದನ್ನೇ ಹೊಗಳುತ್ತ ಒಳಗೆ ಕಾಲಿಟ್ಟರು. ಮುಂದಿದ್ದ ಮೇಷ್ಟ್ರು ಕುರ್ಚಿಗೆ ಕೈ ಹಾಕಿದರು.

"ತಾಳಿ" ಅಂದೆ. ನಮ್ಮಪ್ಪನ ತೋಳು ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. ಅವನಿಗೆ ಅಲ್ಲಿ ಕೂತು ಅಭ್ಯಾಸವಿರಲಿಲ್ಲ, ತುದಿಯಲ್ಲಿ ಕೂತ. ಹಿಂದಕ್ಕೆ ಒರಗಿಸಿದೆ. ಕೊರಳಿಗೆ ಬಟ್ಟೆ ಕಟ್ಟಿ, ಅವನ ಗಡ್ಡಕ್ಕೆ ನೊರೆ ಹಚ್ಚಲು ಶುರು ಮಾಡಿದೆ.

"ನಮಗೆ ಹೊತ್ತಾಗುತ್ತೆ ಕಣಯ್ಯ" ಅಂದರು ಮೇಷ್ಟ್ರು.

"ಆಗಲಿ" ಅಂದೆ.